ಅರ್ಧ ಮಿಲಿಮೀಟರಿಗೆ ಹತ್ತು ಮೈಕ್ರಾನ್: ಏರ್‌ಗನ್ ಪೆಲೆಟ್ಟಿನ ತಲೆ ಅಳೆಯಲು ಮಾಡಿಕೊಂಡ ಹಿತ್ತಾಳೆ ಗೇಜು

ಒಂದೇ ಡಬ್ಬಿಯಿಂದ ತೆಗೆದ ಎರಡು ಪೆಲೆಟ್‌ಗಳಲ್ಲಿ, ಎಂದರೆ ಏರ್‌ಗನ್ನಿನ ಸೀಸದ ಗುಂಡುಗಳಲ್ಲಿ, ಒಂದು ನಳಿಗೆಯ ಬಾಯಿಗೆ ಇಟ್ಟ ಕೂಡಲೇ ತಾನಾಗಿಯೇ ಜಾರಿ ಕೂರುತ್ತಿತ್ತು. ಇನ್ನೊಂದನ್ನು ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತಿ ಕೂರಿಸಬೇಕಾಗುತ್ತಿತ್ತು. ಹತ್ತು ಮೀಟರ್ ದೂರದ ಕಾಗದದ ಮೇಲೆ ಈ ಎರಡು ಬಗೆಯ ಗುಂಡುಗಳು ಒಂದೇ ಕಡೆ ಬೀಳುತ್ತಿಲ್ಲ ಎಂಬ ಅನುಮಾನ ಬಹಳ ದಿನಗಳಿಂದ ಇದ್ದರೂ, ಹೆಬ್ಬೆರಳಿನ ಅಂದಾಜನ್ನು ಅಂಕಿಯಾಗಿಸಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ದಾರಿ ನನಗೆ ಸಿಕ್ಕಿರಲಿಲ್ಲ. ಐದು ಭಾನುವಾರಗಳ ಕೆಲಸದಲ್ಲಿ ಆ ದಾರಿಯನ್ನು ಮಾಡಿಕೊಂಡ ಬಗೆಯನ್ನು, ಕೆಟ್ಟುಹೋದ ಮೊದಲ ತುಂಡನ್ನೂ ಸೇರಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ನನ್ನದು ನಮ್ಮ ದೇಶದಲ್ಲೇ ತಯಾರಾದ, ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ಹಳೆಯ ಬಗೆಯ ಏರ್ ರೈಫಲ್. .177 ಎಂದು ಕರೆಯುವ 4.5 ಮಿ.ಮೀ. ಅಳತೆಯದು. ಇದಕ್ಕೆ ಹಾಕುವ ಪೆಲೆಟ್ಟಿನ ಆಕಾರ ಡಮರುಗದಂಥದು: ಮುಂದೆ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ಒಳಗೆ ಟೊಳ್ಳಾಗಿ ಹೊರಗೆ ಅಗಲಿಸಿದ ಅಂಚು. ಈ ಹಿಂದಿನ ಅಂಚಿಗೆ ಎಲ್ಲರೂ ಸ್ಕರ್ಟ್ ಎಂದೇ ಹೇಳುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಕುದುರೆ ಎಳೆದಾಗ ಹಿಂದಿನಿಂದ ನುಗ್ಗುವ ಗಾಳಿಯ ಒತ್ತಡವು ಟೊಳ್ಳಾದ ಸ್ಕರ್ಟನ್ನು ಅರಳಿಸಿ ನಳಿಗೆಯ ಗೋಡೆಗೆ ಒತ್ತುತ್ತದೆ, ಹೀಗಾಗಿ ಗಾಳಿ ಸೋರದಂತೆ ತಡೆಯುವುದು ಮುಖ್ಯವಾಗಿ ಸ್ಕರ್ಟಿನ ಕೆಲಸ. ತಲೆಯ ಕೆಲಸ ಬೇರೆ. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳ ನಡುವೆ ಉಳಿದಿರುವ ದಿಣ್ಣೆಗಳ ಮೇಲೆ ಅದು ಕುಳಿತು, ಗುಂಡಿನ ಮೂತಿ ಅತ್ತಿತ್ತ ವಾಲದಂತೆ ನಡುಗೆರೆಯಲ್ಲಿ ಹಿಡಿದು ನಿಲ್ಲಿಸಬೇಕು. ತಲೆ ಚಿಕ್ಕದಾದರೆ ಮೂತಿ ಒಂದು ಪಕ್ಕಕ್ಕೆ ಒರಗಿಕೊಂಡೇ ಹೊರಬರುತ್ತದೆ. ದೊಡ್ಡದಾದರೆ ವೇಗ ಕುಗ್ಗುತ್ತದೆ, ಅದೂ ಒಂದೊಂದು ಗುಂಡಿಗೆ ಒಂದೊಂದು ಪ್ರಮಾಣದಲ್ಲಿ.

ಸ್ಪರ್ಧೆಗಳಿಗೆಂದು ಮಾಡುವ ಪೆಲೆಟ್‌ಗಳ ಡಬ್ಬಿಗಳ ಮೇಲೆ ತಲೆಯ ವ್ಯಾಸವನ್ನು 4.49, 4.50, 4.51 ಎಂದು ಹತ್ತು ಹತ್ತು ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಮೆಟ್ಟಿಲಲ್ಲಿ ಮುದ್ರಿಸಿರುವುದು ಸುಮ್ಮನೆ ಅಲ್ಲ. ಅಂತಾರಾಷ್ಟ್ರೀಯ ನಿಯಮದ 10 ಮೀಟರ್ ಏರ್ ರೈಫಲ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಎಂದರೆ ಬರುವ ಗುಂಡಿಗಿಂತ ಅದು ಬೀಳಬೇಕಾದ ಚುಕ್ಕೆ ಒಂಬತ್ತು ಪಟ್ಟು ಸಣ್ಣದು. ಆ ಮಟ್ಟದ ಶೂಟಿಂಗ್ ನನ್ನದಲ್ಲ, ನನ್ನ ಕೋವಿಯದೂ ಅಲ್ಲ. ಆದರೆ ಟೂಲ್‌ರೂಮಿನಲ್ಲಿ ವರ್ಷಗಟ್ಟಲೆ ಅಳತೆ ಹಿಡಿದು ಬದುಕಿದವನಿಗೆ, ತನ್ನ ಕೈಯಲ್ಲಿರುವ ವಸ್ತುವಿನ ವ್ಯಾಸ ತನಗೇ ಗೊತ್ತಿಲ್ಲ ಎನ್ನುವುದು ಹಲ್ಲಿಗೆ ಸಿಕ್ಕಿಕೊಂಡ ಅಡಿಕೆ ಚೂರಿನಂತೆ.

ಮೊದಲು ಮೈಕ್ರೋಮೀಟರನ್ನೇ ಹಿಡಿದೆ. ಅದರ ಅಂವಿಲ್, ಎಂದರೆ ವಸ್ತುವನ್ನು ಒತ್ತಿ ಹಿಡಿಯುವ ಚಪ್ಪಟೆ ಮುಖ, ಸುಮಾರು ಆರೂವರೆ ಮಿ.ಮೀ. ಅಗಲವಿರುತ್ತದೆ, ಪೆಲೆಟ್ಟಿನ ಒಟ್ಟು ಉದ್ದ ಐದೂವರೆಗಿಂತ ಕಡಿಮೆ. ಆದ್ದರಿಂದ ಪೆಲೆಟ್ಟನ್ನು ಅಡ್ಡಲಾಗಿ ನಡುವೆ ಇಟ್ಟರೆ ಅಂವಿಲ್‌ಗೆ ಮೊದಲು ತಗಲುವುದು ತಲೆಯಲ್ಲ, ಅದಕ್ಕಿಂತ ಅಗಲವಾದ ಸ್ಕರ್ಟು. ತಲೆಯನ್ನಷ್ಟೇ ಅಂವಿಲ್‌ನ ಅಂಚಿಗೆ ತಂದು ಹಿಡಿದು ರಾಟ್ಚೆಟ್ (ಒತ್ತಡ ಮಿತಿ ಮೀರದಂತೆ ಜಾರುವ ತಿರುಗುಹಿಡಿ) ತಿರುಗಿಸಿದಾಗ ಒಂದೇ ತಲೆ ಮೊದಲ ಸಲ 4.51, ಎರಡನೆಯ ಸಲ 4.49, ಮೂರನೆಯ ಸಲ 4.48 ತೋರಿಸಿತು. ಅಳೆಯುತ್ತಿದ್ದಂತೆಯೇ ನಾನು ಸೀಸವನ್ನು ಚಪ್ಪಟೆ ಮಾಡುತ್ತಿದ್ದೆ. ಉಕ್ಕಿಗೆ ಮೃದುವಾದ ರಾಟ್ಚೆಟ್ಟಿನ ಒತ್ತಡ ಸೀಸಕ್ಕೆ ಗುದ್ದಿದಂತೆ. ಡಿಜಿಟಲ್ ಕ್ಯಾಲಿಪರ್ ಪರದೆಯ ಮೇಲೆ 0.01 ತೋರಿಸುತ್ತದೆಯಾದರೂ ಅದರ ನಿಜವಾದ ನಿಖರತೆ ಎರಡು ಮೂರು ಪಾಯಿಂಟಿನಷ್ಟು (ಒಂದು ಪಾಯಿಂಟ್ ಎಂದರೆ 0.01 ಮಿ.ಮೀ.) ಆಚೀಚೆ ಇರುವುದರಿಂದ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ.

ಬೇಕಾಗಿದ್ದದ್ದು ಎರಡು ಗುಣವಿರುವ ಸಲಕರಣೆ: ಪೆಲೆಟ್ಟನ್ನು ಹಿಸುಕಬಾರದು, ಹತ್ತು ಮೈಕ್ರಾನ್ ವ್ಯತ್ಯಾಸ ಬರಿಗಣ್ಣಿಗೆ ಕಾಣುವಂತೆ ಹಿಗ್ಗಿಸಿ ತೋರಿಸಬೇಕು. ಒಂದೊಂದು ಅಳತೆಗೂ ಒಂದೊಂದು ರಂಧ್ರವಿರುವ ಪಟ್ಟಿ ಮಾಡುವ ಯೋಚನೆ ಮೊದಲು ಬಂತು. ಕೊರೆದ ರಂಧ್ರವನ್ನು ನಯ ಮಾಡಿ ನಿಖರ ಅಳತೆಗೆ ತರುವ ಹತಾರ ರೀಮರ್. ಆದರೆ ಅಂಗಡಿಯಲ್ಲಿ ಸಿಗುವ 4.5 ಎಚ್7 (ರಂಧ್ರದ ಅಳತೆಗೆ ಇರುವ ಸಡಿಲದ ದರ್ಜೆ) ರೀಮರ್ ಕೊಡುವ ರಂಧ್ರವೇ ನಿಯಮದ ಪ್ರಕಾರ 12 ಮೈಕ್ರಾನಿನ ತನಕ ದೊಡ್ಡದಿರಬಹುದು. ಮೆಟ್ಟಿಲಿಗಿಂತ ಮೆಟ್ಟಿಲಿನ ಸಡಿಲವೇ ಹೆಚ್ಚಾಯಿತು. ಆಗ ನೆನಪಾದದ್ದು ಟೇಪರ್ ಪಿನ್ ರೀಮರ್. ಗಾಲಿ, ಗೇರು, ಹಿಡಿಕೆಗಳನ್ನು ಶಾಫ್ಟಿಗೆ ಕೂರಿಸಲು ಬಳಸುವ ಟೇಪರ್ ಪಿನ್ನಿನ ಓರೆ 1:50. ಎಂದರೆ ಐವತ್ತು ಮಿ.ಮೀ. ಉದ್ದಕ್ಕೆ ವ್ಯಾಸ ಒಂದು ಮಿ.ಮೀ. ಹೆಚ್ಚುತ್ತದೆ. ಇದನ್ನು ತಿರುಗಿಸಿ ಓದಿದರೆ, ವ್ಯಾಸದಲ್ಲಿ ಹತ್ತು ಮೈಕ್ರಾನ್ ವ್ಯತ್ಯಾಸವಾದಾಗ ಆಳದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಾಗಬೇಕು. ಅರ್ಧ ಮಿಲಿಮೀಟರಿನ ಗೆರೆಗಳು ಯಾವುದೇ ಒಳ್ಳೆಯ ಸ್ಟೀಲ್ ಸ್ಕೇಲಿನ ಮೇಲೆ ಕೊರೆದೇ ಇರುತ್ತವೆ. ಈ ಲೆಕ್ಕ ಮನಸ್ಸಿನಲ್ಲಿ ಕೂಡಿದ ಸಂಜೆ ನನಗೆ ಊಟ ರುಚಿಸಲಿಲ್ಲ.

4 ಮಿ.ಮೀ. ನಾಮಾಂಕಿತ ಟೇಪರ್ ಪಿನ್ ರೀಮರ್ ತುದಿಯಲ್ಲಿ ನಾಲ್ಕಕ್ಕಿಂತ ತುಸು ಕಡಿಮೆಯಿಂದ ಶುರುವಾಗಿ ಬುಡದಲ್ಲಿ ಐದನ್ನು ದಾಟುವುದರಿಂದ ನಮಗೆ ಬೇಕಾದ 4.5 ಅದರ ನಡುಭಾಗದಲ್ಲೇ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ರೀಮರನ್ನೂ, ಗುಜರಿ ಅಂಗಡಿಯೊಂದರಲ್ಲಿ 25 ಮಿ.ಮೀ. ಚೌಕದ ಹಿತ್ತಾಳೆ ಸರಳಿನ ತುಂಡನ್ನೂ ಕೊಂಡೆ. ಹಿತ್ತಾಳೆಯನ್ನೇ ಆರಿಸಿದ್ದಕ್ಕೆ ಕಾರಣ, ಅದು ರೀಮರಿಗೆ ಶುಭ್ರವಾಗಿ ಕತ್ತರಿಸಿಕೊಡುತ್ತದೆ, ತುಕ್ಕು ಹಿಡಿಯುವುದಿಲ್ಲ.

ಮೊದಲ ಭಾನುವಾರ 20 ಮಿ.ಮೀ. ಎತ್ತರದ ತುಂಡನ್ನು ಕತ್ತರಿಸಿ, ಎರಡು ಮುಖಗಳನ್ನೂ ಲೇತಿನಲ್ಲಿ ಸಮ ಮಾಡಿ, ನಡುವೆ 4.2 ಮಿ.ಮೀ. ಡ್ರಿಲ್ ಹಾಯಿಸಿ, ಮೇಲಿನಿಂದ ಕೆಳಗಿನ ತನಕ ಪೂರ್ತಿ ಟೇಪರ್ ರೀಮ್ ಮಾಡಿದೆ. ಪೆಲೆಟ್ ಹಾಕಿದೆ. ಒಂದರ ಹಿಂದೆ ಒಂದರಂತೆ ಇಪ್ಪತ್ತು ಪೆಲೆಟ್ ಹಾಕಿ ನೋಡಿದರೂ ಎಲ್ಲವೂ ರಂಧ್ರದ ಮೇಲ್ಭಾಗದಲ್ಲೇ ಸಿಕ್ಕಿಕೊಂಡವು. ಲೆಕ್ಕ ಹಾಕಿದರೆ ತಲೆಯ ವ್ಯಾಸ 4.65 ಎಂದು ಬರುತ್ತಿತ್ತು, ಅಂಥ ಪೆಲೆಟ್ ಭೂಮಿಯ ಮೇಲೆ ಯಾರೂ ಮಾಡುವುದಿಲ್ಲ. ಹೊರಗೆ ತೆಗೆದ ಪೆಲೆಟ್ಟೊಂದನ್ನು ಭೂತಗನ್ನಡಿಯಲ್ಲಿ ತಿರುಗಿಸಿ ನೋಡಿದಾಗ ವಿಷಯ ತಿಳಿಯಿತು. ತಲೆಯ ಅಂಚು ಮಂಕಾಗಿಯೇ ಇತ್ತು. ಸ್ಕರ್ಟಿನ ತುದಿಯ ಸುತ್ತ ಮಾತ್ರ ಕೂದಲೆಳೆಯಷ್ಟು ಅಗಲದ ಹೊಳೆಯುವ ಉಂಗುರ ಮೂಡಿತ್ತು. ಗೋಡೆಗೆ ತಾಗುತ್ತಿದ್ದದ್ದು ಸ್ಕರ್ಟು. ತಲೆಯಿಂದ ಸ್ಕರ್ಟಿನ ಅಂಚಿನ ತನಕ ನಾಲ್ಕೂವರೆ ಮಿ.ಮೀ. ಎಂದಿಟ್ಟುಕೊಂಡರೆ ಅಷ್ಟು ದೂರದಲ್ಲಿ ರಂಧ್ರ ಹಿಗ್ಗುವುದು 0.09 ಮಿ.ಮೀ. ಮಾತ್ರ, ಸ್ಕರ್ಟಾದರೋ ತಲೆಗಿಂತ 0.25 ಮಿ.ಮೀ. ಅಗಲ. ತಲೆ ಗೋಡೆ ಮುಟ್ಟುವ ಮೊದಲೇ ಸ್ಕರ್ಟು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳದೆ ಬೇರೆ ದಾರಿಯಿರಲಿಲ್ಲ. ಕಾಗದದ ಮೇಲೆ ಎರಡು ನಿಮಿಷ ಕೂತಿದ್ದರೆ ಹಿತ್ತಾಳೆ ಉಳಿಯುತ್ತಿತ್ತು. ಆ ತುಂಡು ಈಗ ಮೇಜಿನ ಮೇಲೆ ಪೆನ್ಸಿಲ್ ನಿಲ್ಲಿಸುವ ಬುಡವಾಗಿದೆ.

ಪರಿಹಾರವೆಂದರೆ ಸ್ಕರ್ಟಿಗೆ ಗೋಡೆಯೇ ಸಿಗದಂತೆ ಮಾಡುವುದು. ಎರಡನೆಯ ತುಂಡಿನಲ್ಲಿ ಮೇಲಿನಿಂದ ಹದಿನಾರೂವರೆ ಮಿ.ಮೀ. ಆಳದ ತನಕ 5 ಮಿ.ಮೀ. ನೇರ ರಂಧ್ರ ಕೊರೆದು ರೀಮ್ ಮಾಡಿ, ತಳದಲ್ಲಿ ಮೂರೂವರೆ ಮಿ.ಮೀ. ದಪ್ಪದ ಹಿತ್ತಾಳೆಯನ್ನಷ್ಟೇ ಉಳಿಸಿದೆ. ಟೇಪರ್ ಬರುವುದು ಈ ಮೂರೂವರೆ ಮಿ.ಮೀ. ಭಾಗದಲ್ಲಿ ಮಾತ್ರ, ತಳದಲ್ಲಿ 4.47, ಅದರ ಮೇಲಂಚಿನಲ್ಲಿ 4.54. ನಮಗೆ ಬೇಕಾದ ಅಳತೆಗಳೆಲ್ಲ ಈ ವ್ಯಾಪ್ತಿಯೊಳಗೇ ಬರುತ್ತವೆ. ತಲೆ ಟೇಪರಿನಲ್ಲಿ ಕುಳಿತಾಗ ಸ್ಕರ್ಟಿನ ಅಗಲವಾದ ಅಂಚು ಮೇಲಿನ 5 ಮಿ.ಮೀ. ಕೋಣೆಯಲ್ಲಿ ಯಾವುದನ್ನೂ ಮುಟ್ಟದೆ ನಿಂತಿರುತ್ತದೆ. ತುಂಡಿನ ಎತ್ತರ 20 ಮಿ.ಮೀ. ಇಟ್ಟದ್ದಕ್ಕೂ ಲೆಕ್ಕವಿದೆ: ಟೇಪರ್ ರೀಮರ್ ಮೇಲಿನಿಂದಲೇ ಇಳಿಯಬೇಕು, ತುಂಡಿನ ಮೇಲ್ಮುಖದ ಬಳಿ ಅದರ ದಪ್ಪ 4.87ರಷ್ಟಾಗುತ್ತದೆ, 5 ಮಿ.ಮೀ. ರಂಧ್ರದಲ್ಲಿ ಅಷ್ಟೇ ಹಿಡಿಯುತ್ತದೆ. ತುಂಡು ಇನ್ನೂ ಏಳೆಂಟು ಮಿ.ಮೀ. ಎತ್ತರವಿದ್ದಿದ್ದರೆ ರೀಮರಿನ ಬುಡ ಕೋಣೆಯ ಗೋಡೆಯನ್ನೂ ಕೆರೆಯುತ್ತಿತ್ತು.

ಈ ಸಲ ರೀಮರನ್ನು ಟ್ಯಾಪ್ ಹಿಡಿಕೆಯಲ್ಲಿ ಹಿಡಿದು ಕೈಯಿಂದಲೇ ತಿರುಗಿಸಿದೆ. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ಹಳೆಯ ಸಹೋದ್ಯೋಗಿಯೊಬ್ಬರು 4.48, 4.50, 4.52 ಅಳತೆಯ ಮೂರು ಗೇಜ್ ಪಿನ್ನುಗಳನ್ನು (ನಿಖರ ವ್ಯಾಸದ ಅಳತೆ ಕಡ್ಡಿಗಳನ್ನು) ಕೈಗೆ ಕೊಡುತ್ತ ಹೇಳಿದ್ದು ಒಂದೇ ಮಾತು: "ಸಾರ್, ಯಾವ ಕಾರಣಕ್ಕೂ ಹಿಂದಕ್ಕೆ ತಿರುಗಿಸ್ಬೇಡಿ, ಹಲ್ಲಿನ ಅಂಚು ಹೋಗುತ್ತೆ." ಕಾಲು ಸುತ್ತು ತಿರುಗಿಸುವುದು, ಮುಂದಕ್ಕೆ ತಿರುಗಿಸುತ್ತಲೇ ಎತ್ತುವುದು, ಬ್ರಷ್‌ನಿಂದ ಚೂರು ತೆಗೆಯುವುದು, 4.48ರ ಪಿನ್ ಇಳಿಸಿ ನೋಡುವುದು. ರೀಮರ್ ಒಂದು ಮಿ.ಮೀ. ಹೆಚ್ಚು ಇಳಿದರೆ ರಂಧ್ರ 20 ಮೈಕ್ರಾನ್ ದೊಡ್ಡದಾಗಿ ಎರಡು ಅಳತೆಗಳೇ ಕೈತಪ್ಪುವುದರಿಂದ ಕೊನೆಯ ಹತ್ತು ಸುತ್ತುಗಳಿಗೆ ಮುಕ್ಕಾಲು ಗಂಟೆ ಹಿಡಿಯಿತು. 4.48ರ ಪಿನ್ನಿನ ತುದಿ ತಳಮುಖಕ್ಕಿಂತ ಅರ್ಧ ಮಿ.ಮೀ.ಯಷ್ಟು ಮೇಲೆ ನಿಂತಾಗ ನಿಲ್ಲಿಸಿದೆ. ಬೆಳಕಿಗೆ ಹಿಡಿದು ನೋಡಿದರೆ ಗೋಡೆಯ ಮೇಲೆ ರೀಮರ್ ಅದುರಿದ ಸಣ್ಣ ಸಣ್ಣ ಮುಖಗಳು ಕಂಡವು. ತೆಳುವಾದ ಬಟ್ಟೆ ಸುತ್ತಿದ ಕಡ್ಡಿಗೆ ಬ್ರಾಸೋ ಹಚ್ಚಿ ಉಜ್ಜಿದ ಮೇಲೆ ಬಹುಮಟ್ಟಿಗೆ ಹೋದವು. ಪೂರ್ತಿ ಹೋಗಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಆಳವನ್ನು ಓದುವ ಏರ್ಪಾಡು. ಡಯಲ್ ಗೇಜಿನ ಒತ್ತುಕಡ್ಡಿಯ ಸ್ಪ್ರಿಂಗ್ ಒತ್ತಡವೇ ನೂರು ಗ್ರಾಂ ಆಸುಪಾಸು ಇರುವುದರಿಂದ ಅದು ಪೆಲೆಟ್ಟನ್ನು ಟೇಪರಿನೊಳಕ್ಕೆ ತುರುಕಿಬಿಡುತ್ತದೆ. ಬದಲಿಗೆ 5 ಮಿ.ಮೀ. ಸಿಲ್ವರ್ ಸ್ಟೀಲ್ ಸರಳಿನ 80 ಮಿ.ಮೀ. ತುಂಡನ್ನು ತೆಗೆದುಕೊಂಡು, ತಳವನ್ನು ಚಪ್ಪಟೆಯಾಗಿ ಮಾಡಿ, ಮೈಯನ್ನು ನುಣ್ಣಗಿನ ಮರಳು ಕಾಗದದಿಂದ ಉಜ್ಜಿ ರಂಧ್ರದಲ್ಲಿ ಸಲೀಸಾಗಿ ಓಡಾಡುವಂತೆ ಮಾಡಿದೆ. ಇದರ ತೂಕ ಹನ್ನೆರಡು ಗ್ರಾಂ. ತಲೆಯ ಮೇಲೆ ಅಂಟಿಸಿದ ತೆಳು ಅಲ್ಯೂಮಿನಿಯಂ ಬಿಲ್ಲೆಯೂ ಸೇರಿ ಹದಿಮೂರು. ಪೆಲೆಟ್ಟನ್ನು ತಲೆ ಕೆಳಗಾಗಿ ಹಾಕಿದ ಮೇಲೆ ಈ ಸರಳನ್ನು ಬಿಟ್ಟರೆ ಅದು ಸ್ಕರ್ಟಿನ ಅಂಚಿನ ಮೇಲೆ ಕುಳಿತು ಎಲ್ಲ ಪೆಲೆಟ್‌ಗಳನ್ನೂ ಒಂದೇ ತೂಕದಿಂದ ಒತ್ತುತ್ತದೆ. ಪಕ್ಕದಲ್ಲಿ ಮುರಿದ ಸ್ಟೀಲ್ ಸ್ಕೇಲಿನ ತುಂಡನ್ನು ನೆಟ್ಟಗೆ ನಿಲ್ಲಿಸಿ ಸ್ಕ್ರೂ ಹಾಕಿದ್ದೇನೆ. ಬಿಲ್ಲೆಯ ಅಂಚು ಯಾವ ಗೆರೆಗೆ ನಿಲ್ಲುತ್ತದೆಯೋ ಅದೇ ಓದು. ಪೆಲೆಟ್ಟಿನ ಉದ್ದದಲ್ಲಿ ವ್ಯತ್ಯಾಸವಿದ್ದರೆ ಓದು ತಪ್ಪುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಒಂದೇ ಡಬ್ಬಿಯ ಪೆಲೆಟ್‌ಗಳ ಉದ್ದದಲ್ಲಿ ನನಗೆ ಸಿಕ್ಕ ವ್ಯತ್ಯಾಸ 0.1 ಮಿ.ಮೀ. ಒಳಗಿತ್ತು, ಐವತ್ತರಿಂದ ಭಾಗಿಸಿದರೆ ಅದು ವ್ಯಾಸದಲ್ಲಿ ಬರೀ ಎರಡು ಮೈಕ್ರಾನ್. ಬೇರೆ ತಯಾರಿಕೆಯ ಡಬ್ಬಿಗೆ ಹೋದಾಗ ಮಾತ್ರ ಉದ್ದದ ಅಂತರವನ್ನು ಕಳೆದು ಓದಬೇಕು.

ಸರಳನ್ನು ಮೊದಲ ಸಲ ಬಿಟ್ಟಾಗ ಒಂದು ವಿಚಿತ್ರ ನಡೆಯಿತು. ಪೆಲೆಟ್ ಇಲ್ಲದಾಗ ಠಕ್ಕೆಂದು ಇಳಿಯುತ್ತಿದ್ದ ಸರಳು, ಪೆಲೆಟ್ ಹಾಕಿದ ಮೇಲೆ ನಡುದಾರಿಯಲ್ಲಿ ತೇಲತೊಡಗಿತು. ಬೆರಳಿನಿಂದ ಒತ್ತಿ ಬಿಟ್ಟರೆ ಮೆತ್ತಗೆ ಮೇಲೆದ್ದು ಬರುತ್ತಿತ್ತು. ಚೂರು ಸಿಕ್ಕಿಕೊಂಡಿದೆ ಎಂದು ಮೂರು ಸಲ ಬಿಚ್ಚಿ ಒರೆಸಿದೆ. ಆಮೇಲೆ ಹೊಳೆಯಿತು: ತಳವನ್ನು ಪೆಲೆಟ್ಟಿನ ತಲೆ ಮುಚ್ಚಿದೆ, ಮೇಲಿನಿಂದ ಬಿಗಿಯಾದ ಸರಳು ಬರುತ್ತಿದೆ, ನಡುವೆ ಸಿಕ್ಕಿಬಿದ್ದ ಗಾಳಿಗೆ ಹೊರಗೆ ಹೋಗುವ ದಾರಿಯಿಲ್ಲ. ಏರ್‌ಗನ್ನಿನ ಸಿಲಿಂಡರನ್ನು ಬಿಚ್ಚಿ ಜೋಡಿಸಿದವನು ಅದೇ ತತ್ವದ ಪುಟ್ಟ ಪಂಪನ್ನು ತನ್ನ ಮೇಜಿನ ಮೇಲೆ ಮಾಡಿಕೊಂಡು ಗುರುತು ಹಿಡಿಯದೆ ಕುಳಿತಿದ್ದೆ. ತುಂಡಿನ ಪಕ್ಕದಿಂದ, ಟೇಪರಿಗಿಂತ ಸ್ವಲ್ಪ ಮೇಲಕ್ಕೆ, 2 ಮಿ.ಮೀ. ಅಡ್ಡ ರಂಧ್ರ ಕೊರೆದ ಕೂಡಲೇ ಸರಳು ನೆಟ್ಟಗೆ ಇಳಿಯಿತು. ಅದೇ ರಂಧ್ರದಿಂದ ಈಗ ಸ್ಕರ್ಟಿನ ಅಂಚೂ ಕಾಣುತ್ತದೆ, ಅದು ಗೋಡೆಗೆ ತಾಗಿಲ್ಲವೆಂದು ಖಚಿತಪಡಿಸಿಕೊಳ್ಳಲು ಒಳ್ಳೆಯ ಕಿಟಕಿ. ಅಳೆದ ಪೆಲೆಟ್ಟನ್ನು ಹೊರಗೆ ತೆಗೆಯಲು ತಳದಿಂದ ಹೆಣಿಗೆ ಕಡ್ಡಿಯ ಮೊಂಡು ತುದಿಯನ್ನು ತಾಗಿಸಿದರೆ ಸಾಕು.

ಗೇಜ್ ಪಿನ್ನುಗಳು ಉದ್ದವಿರುವುದರಿಂದ ಅವುಗಳ ಮೇಲೆ ಸರಳನ್ನು ಕೂರಿಸಲಾಗದು; ತುಂಡನ್ನು ಮಗುಚಿ ಹಿಡಿದು, ತಳಮುಖದಿಂದ ಪಿನ್ನಿನ ತುದಿಯ ತನಕ ಇರುವ ಆಳವನ್ನು ವರ್ನಿಯರ್ ಕ್ಯಾಲಿಪರಿನ ಹಿಂಬದಿ ಕಡ್ಡಿಯಿಂದ ಅಳೆದೆ. 4.48ಕ್ಕೆ 0.5, 4.50ಕ್ಕೆ 1.5, 4.52ಕ್ಕೆ 2.4 ಮಿ.ಮೀ. ಬಂತು. ಮೆಟ್ಟಿಲಿಗೆ ಒಂದು ಮಿ.ಮೀ. ಇರಬೇಕಾದ ಕಡೆ ಎರಡನೆಯದು ಒಂದು ಕೂದಲು ಕಡಿಮೆ. ವರ್ನಿಯರ್ ಕಡ್ಡಿಯ ಅಳತೆಗೆ ಅಷ್ಟು ಕ್ಷಮೆ ಕೊಡಬಹುದು. ಪಿನ್ನಿನ ತುದಿಯಲ್ಲಿ ಸಣ್ಣ ಚ್ಯಾಂಫರ್ (ಓರೆಯಾಗಿ ಕತ್ತರಿಸಿದ ಅಂಚು) ಇದೆ, ಪೆಲೆಟ್ಟಿನ ತಲೆಯ ಅಂಚು ಬೇರೆ ರೀತಿ ಉರುಟಾಗಿದೆ. ಆದ್ದರಿಂದ ನನ್ನ ಗೇಜು 4.51 ಎಂದರೆ ಅದು ಕಾರ್ಖಾನೆಯವರ 4.51 ಆಗಿಯೇ ಇರಬೇಕೆಂದಿಲ್ಲ, ಒಂದು ಪಾಯಿಂಟ್ ಆಚೀಚೆ ಇರಬಹುದು. ಆದರೆ ಒಂದು ಪೆಲೆಟ್ ಇನ್ನೊಂದಕ್ಕಿಂತ ದೊಡ್ಡದೋ ಚಿಕ್ಕದೋ ಎನ್ನುವಲ್ಲಿ ಅದು ತಪ್ಪುವುದಿಲ್ಲ, ನನಗೆ ಬೇಕಾದದ್ದೂ ಅಷ್ಟೇ. ಹತ್ತು ಪೆಲೆಟ್‌ಗಳಿಗೆ ನಂಬರ್ ಕೊಟ್ಟು, ಕಲಸಿ, ಮತ್ತೆ ಅಳೆದಾಗ ಒಂಬತ್ತು ಪೆಲೆಟ್‌ಗಳು ಅರ್ಧ ಗೆರೆಯ ಒಳಗೆ ಹಿಂದಿನ ಓದನ್ನೇ ಕೊಟ್ಟವು. ತಪ್ಪಿದ ಒಂದರ ತಲೆಯ ಪಕ್ಕದಲ್ಲಿ ಅಚ್ಚಿನ ಏಣು ಉಳಿದಿತ್ತು. ಅದು ಕುಳಿತ ದಿಕ್ಕಿನ ಮೇಲೆ ಓದು ಬದಲಾಗುತ್ತಿತ್ತು. ಬೆಳಿಗ್ಗೆಯ ಚಳಿ, ಮಧ್ಯಾಹ್ನದ ಬಿಸಿಲಿನಿಂದ ಅಳತೆ ಬದಲಾಗುವುದೇ ಎಂದೂ ಲೆಕ್ಕ ಹಾಕಿದೆ: ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಇಷ್ಟು ದಪ್ಪದ ಸೀಸ ಹಿಗ್ಗುವುದು ಸುಮಾರು 1.3 ಮೈಕ್ರಾನ್, ಹಿತ್ತಾಳೆಯೂ ಜೊತೆಗೇ ಹಿಗ್ಗುತ್ತದೆ. ಅದನ್ನು ಮರೆಯಬಹುದು.

ಮೂರನೆಯ ಭಾನುವಾರ ಎರಡು ಡಬ್ಬಿಗಳಿಂದ ನೂರು ನೂರು ಪೆಲೆಟ್ ಅಳೆದೆ. ಮೊದಲನೆಯದು ಅಗ್ಗದ್ದು, ಮೇಲೆ ತಲೆಯ ಅಳತೆಯ ನಮೂದಿಲ್ಲ. ಅದರಲ್ಲಿ 4.48ರವು 6, 4.49ರವು 21, 4.50ರವು 38, 4.51ರವು 24, 4.52ರವು 9, 4.53ರವು 2 ಸಿಕ್ಕವು. ಹೆಬ್ಬೆರಳು ಹೇಳುತ್ತಿದ್ದದ್ದು ಸುಳ್ಳಲ್ಲ. ಒಂದೇ ಡಬ್ಬಿಯಲ್ಲಿ ಆರು ಅಳತೆ. ಎರಡನೆಯದು 4.50 ಎಂದು ಮುದ್ರಿಸಿದ, ಬೆಲೆ ಹಲವು ಪಟ್ಟು ಹೆಚ್ಚಿರುವ ಹೊರದೇಶದ ಡಬ್ಬಿ: 4.49ರವು 12, 4.50ರವು 71, 4.51ರವು 17. ಒಂದು ಪೆಲೆಟ್ಟಿಗೆ ಹದಿನೈದು ಸೆಕೆಂಡು ಹಿಡಿಯುತ್ತದೆ. ನೂರು ಮುಗಿಯುವಷ್ಟರಲ್ಲಿ ಬೆರಳ ತುದಿಗಳು ಸೀಸದಿಂದ ಕಪ್ಪಾಗಿರುತ್ತವೆ. ಈ ಕೆಲಸದ ನಡುವೆ ಕಾಫಿ ಲೋಟ ಮುಟ್ಟಬಾರದು, ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು, ಮೇಜನ್ನು ಒಣ ಬಟ್ಟೆಯಿಂದ ಝಾಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಗುಂಡು ತುಂಬುವಾಗ ನಾಲ್ಕೈದು ಪೆಲೆಟ್‌ಗಳನ್ನು ತುಟಿಯಲ್ಲಿ ಕಚ್ಚಿ ಹಿಡಿಯುವವರನ್ನು ಈಗಲೂ ನೋಡುತ್ತೇನೆ, ಸೀಸ ವಿಷ.

ಸ್ಕರ್ಟಿಗೆ ಬೇರೆ ಉಪಾಯ ಮಾಡಿದೆ, ಅದು ಪುಕ್ಕಟೆ ಉಪಾಯ. ಹಳೆಯ ಫೋಟೋ ಫ್ರೇಮಿನ ಗಾಜನ್ನು ಒಂದು ಬದಿ ಎತ್ತರಿಸಿ ಇಟ್ಟು, ಪೆಲೆಟ್ಟನ್ನು ಅಡ್ಡಲಾಗಿ ಮಲಗಿಸಿ ಬಿಟ್ಟರೆ ಅದು ನೇರವಾಗಿ ಉರುಳುವುದಿಲ್ಲ. ತಲೆ ಚಿಕ್ಕದು, ಸ್ಕರ್ಟು ದೊಡ್ಡದು. ನೆಲದ ಮೇಲೆ ಉರುಳಿಸಿದ ಸ್ಟೀಲ್ ಲೋಟದಂತೆ ಕಮಾನಾಗಿ ತಿರುಗುತ್ತದೆ. ಆ ಕಮಾನಿನ ತ್ರಿಜ್ಯ ತಿಳಿಯಲು ತಲೆಗೂ ಸ್ಕರ್ಟಿಗೂ ನಡುವಿನ ದೂರವನ್ನು ಸ್ಕರ್ಟಿನ ವ್ಯಾಸದಿಂದ ಗುಣಿಸಿ ಎರಡು ವ್ಯಾಸಗಳ ಅಂತರದಿಂದ ಭಾಗಿಸಬೇಕು. ತಲೆ 4.50, ಸ್ಕರ್ಟ್ 4.75 ಇದ್ದರೆ 85 ಮಿ.ಮೀ. ಚಿಲ್ಲರೆ, ತಲೆ 4.52 ಆದರೆ 93ರ ಹತ್ತಿರ. ಇದನ್ನು ನೋಡಿದ ಯಾರಿಗೂ ಹಿತ್ತಾಳೆ ಗೇಜಿನ ಗೋಜೇಕೆ, ಗಾಜೇ ಸಾಕಲ್ಲ ಎನ್ನಿಸುತ್ತದೆ. ಸಾಲದು. ತಲೆಯೂ ಸ್ಕರ್ಟೂ ಎರಡೂ ಇಪ್ಪತ್ತು ಮೈಕ್ರಾನ್ ದೊಡ್ಡದಾದ ಪೆಲೆಟ್, ಅಂದರೆ 4.52 ಮತ್ತು 4.77ರದು, ಮತ್ತೆ 86ರ ಆಸುಪಾಸಿನಲ್ಲೇ ತಿರುಗುತ್ತದೆ. ಗಾಜು ಎರಡರ ಅಂತರವನ್ನು ಮಾತ್ರ ಬಲ್ಲದು. ಆದರೆ ಸ್ಕರ್ಟು ನೆಗ್ಗಿದ ಪೆಲೆಟ್ಟನ್ನು ಅದು ತಪ್ಪದೆ ಹಿಡಿಯುತ್ತದೆ: ಅಂಥದ್ದು ಕುಂಟುತ್ತ, ತಡವರಿಸುತ್ತ ಇಳಿದು ಎಲ್ಲೋ ಒಂದು ಕಡೆ ಬೀಳುತ್ತದೆ. ಅಗ್ಗದ ಡಬ್ಬಿಯ ನೂರರಲ್ಲಿ ಹದಿನಾಲ್ಕು ಹಾಗೆ ಕುಂಟಿದವು. ಡಬ್ಬಿಯೊಳಗೆ ಒಂದಕ್ಕೊಂದು ಬಡಿದುಕೊಂಡು ಬರುವ ಪ್ರಯಾಣದಲ್ಲಿ ತೆಳುವಾದ ಅಂಚು ನೆಗ್ಗದೆ ಇದ್ದರೆ ಆಶ್ಚರ್ಯ.

ನಾಲ್ಕನೆಯ ಭಾನುವಾರ ನಳಿಗೆಯ ಸರದಿ. ಎಣ್ಣೆ ಬದಲಿಸಲು ಕೋವಿಯನ್ನು ಹೇಗೂ ಬಿಚ್ಚಬೇಕಿತ್ತು, ಆದ್ದರಿಂದ ನಳಿಗೆಯನ್ನು ಪೂರ್ತಿ ಬೇರ್ಪಡಿಸಿಯೇ ಪರೀಕ್ಷೆ ಮಾಡಿದೆ. ಸ್ಪ್ರಿಂಗ್ ಎಳೆದ ಕೋವಿಯ ಮಡಚಿದ ನಳಿಗೆಯೊಳಕ್ಕೆ ಕಡ್ಡಿ ತೂರಿಸಿ ಪೆಲೆಟ್ ತಳ್ಳುವುದು ಬೆರಳಿನ ಮೇಲೆ ಆಸೆಯಿಲ್ಲದವರು ಮಾಡುವ ಕೆಲಸ. ಮರದ ತುಂಡುಗಳ ನಡುವೆ ವೈಸಿನಲ್ಲಿ ಹಗುರಾಗಿ ಹಿಡಿದು, ಅಳೆದ ಪೆಲೆಟ್ಟನ್ನು ಹಿಂಬದಿಯಿಂದ ಕೂರಿಸಿ, ಅಂಟು ಟೇಪು ಸುತ್ತಿದ 4 ಮಿ.ಮೀ. ಹಿತ್ತಾಳೆ ಕಡ್ಡಿಯಿಂದ ನಿಧಾನವಾಗಿ ತಳ್ಳಿ ನಳಿಗೆಯ ಮೂತಿಯಿಂದ ಹೊರಗೆ ಹತ್ತಿ ಹಾಸಿದ ಬಟ್ಟಲಿಗೆ ಬೀಳಿಸಿದೆ. ಕಡ್ಡಿಯ ಮೇಲೆ ತೂಕದ ಬಟ್ಟುಗಳನ್ನಿಟ್ಟು ತಳ್ಳುವ ಬಲ ಅಳೆಯುವ ಪ್ರಯತ್ನವನ್ನೂ ಮಾಡಿದೆ; ಬಲದ ಬಹುಪಾಲು ಸ್ಕರ್ಟನ್ನು ಹಿಸುಕಲು ಹೋಗುವುದರಿಂದ ತಲೆಯ ಬಗ್ಗೆ ಅದು ಏನನ್ನೂ ಹೇಳಲಿಲ್ಲ, ಬಿಟ್ಟುಬಿಟ್ಟೆ.

ಹೇಳಿದ್ದು ತಲೆಯ ಮೇಲೆ ಮೂಡಿದ ಗೀರುಗಳು. ನನ್ನ ನಳಿಗೆಯಲ್ಲಿ ಹನ್ನೆರಡು ದಿಣ್ಣೆಗಳಿವೆ. ಹೊರಬಂದ ಪೆಲೆಟ್ಟನ್ನು ಭೂತಗನ್ನಡಿಯ ಕೆಳಗೆ ತಿರುಗಿಸಿದಾಗ 4.49ರ ತಲೆಗಳ ಮೇಲೆ ಒಂದು ಬದಿಯಲ್ಲಿ ಐದರಿಂದ ಏಳು ಗೀರುಗಳಷ್ಟೇ ಇದ್ದವು, ಎದುರು ಬದಿ ಅಚ್ಚಿನಿಂದ ಬಂದ ಹಾಗೆಯೇ ಮಂಕಾಗಿತ್ತು. ತಲೆ ಒಂದು ಪಕ್ಕಕ್ಕೆ ಒರಗಿಕೊಂಡೇ ಇಡೀ ನಳಿಗೆಯನ್ನು ದಾಟಿ ಬಂದಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 4.50ರಲ್ಲಿ ಹತ್ತು ಹನ್ನೊಂದು, ಕೆಲವು ತೀರ ತೆಳು. 4.51ರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸಮನಾದ ಅಂತರದಲ್ಲಿ, ಸಮನಾದ ಅಗಲದಲ್ಲಿ. 4.53ರ ತಲೆಯ ಮುಂದಂಚಿನಲ್ಲಿ ಸೀಸ ಸಣ್ಣಗೆ ಹೆರೆದು ಎದ್ದಿತ್ತು. ತಳ್ಳುವಾಗ ಕೈಗೆ ತಿಳಿದ ಇನ್ನೊಂದು ಸಂಗತಿಯೆಂದರೆ, ನಳಿಗೆಯ ನಡುಭಾಗ ಸಡಿಲವಾಗಿದ್ದು ಮೂತಿಗಿಂತ ಎರಡು ಬೆರಳು ಹಿಂದೆ ಮತ್ತೆ ಬಿಗಿಯಾಗುತ್ತದೆ.

ಇಷ್ಟಾದ ಮೇಲೆ 4.51ನ್ನು ಆರಿಸಿಕೊಂಡರೆ ಗುರಿಯೆಲ್ಲ ಒಂದೇ ರಂಧ್ರವಾಗುತ್ತದೆ ಎಂದು ನಂಬಲು ಮನಸ್ಸು ಹಾತೊರೆಯುತ್ತಿತ್ತು. ಐದನೆಯ ಭಾನುವಾರ ಕ್ಲಬ್ಬಿನ ಒಳಾಂಗಣ ರೇಂಜಿನಲ್ಲಿ ಹತ್ತು ಮೀಟರಿಗೆ ನಾಲ್ಕು ಬಗೆಯ ಪೆಲೆಟ್, ಒಂದೊಂದಕ್ಕೆ ಐದು ಗುಂಡಿನ ಆರು ಗುಂಪು ಹೊಡೆದೆ. ಸ್ಪ್ರಿಂಗ್ ಕೋವಿಯನ್ನು ಮರಳಿನ ಚೀಲದ ಮೇಲೆ ನೇರ ಇಡಬಾರದು. ಅದು ಹಿಂದಕ್ಕೂ ಮುಂದಕ್ಕೂ ಜಿಗಿಯುವುದರಿಂದ ಅಂಗೈಯನ್ನು ಚೀಲದ ಮೇಲಿಟ್ಟು, ಅಂಗೈಯ ಮೇಲೆ ಕೋವಿಯನ್ನು ಸಡಿಲವಾಗಿ ಕೂರಿಸಬೇಕು. ಯಾವ ಗುಂಪಿಗೆ ಯಾವ ಪೆಲೆಟ್ ಎಂಬುದು ನನಗೆ ತಿಳಿಯದಂತೆ ಮಗಳು ಚೀಟಿ ಎತ್ತಿ ತುಂಬಿಕೊಟ್ಟಳು. ಗುಂಪಿನಲ್ಲಿ ಅತಿ ದೂರದ ಎರಡು ರಂಧ್ರಗಳ ನಡುವಿನ ಅಂತರದ ಸರಾಸರಿ ಹೀಗೆ ಬಂತು: ಡಬ್ಬಿಯಿಂದ ನೇರವಾಗಿ ತೆಗೆದವು 17.2 ಮಿ.ಮೀ.; ತಲೆ ಅಳೆಯದೆ, ಗಾಜಿನ ಮೇಲೆ ಕುಂಟಿದವನ್ನಷ್ಟೇ ತೆಗೆದುಹಾಕಿದವು 13.6, ಸ್ಕರ್ಟ್ ಸರಿಯಿರುವ 4.51ರವು 11.9, ಸ್ಕರ್ಟ್ ಸರಿಯಿರುವ 4.49ರವು 14.8.

ಈ ಅಂಕಿಗಳು ನನ್ನ ಹಿತ್ತಾಳೆಯ ಅಭಿಮಾನಕ್ಕೆ ಸ್ವಲ್ಪ ನೋವುಂಟುಮಾಡಿದವು. 17.2ರಿಂದ 11.9ಕ್ಕೆ ಇಳಿದ ಐದು ಚಿಲ್ಲರೆ ಮಿಲಿಮೀಟರಿನಲ್ಲಿ ಮೂರೂವರೆಗೂ ಹೆಚ್ಚು ಭಾಗವನ್ನು ತಂದುಕೊಟ್ಟದ್ದು ಐದು ಭಾನುವಾರಗಳ ಗೇಜಲ್ಲ, ಐದು ನಿಮಿಷದಲ್ಲಿ ಜೋಡಿಸಿದ ಫೋಟೋ ಫ್ರೇಮಿನ ಗಾಜು. 13.6ಕ್ಕೂ 11.9ಕ್ಕೂ ಇರುವ ಅಂತರ ಆರಾರು ಗುಂಪುಗಳಿಂದ ಖಚಿತವಾಗುವಂಥದಲ್ಲ. ಒಂದು ಗುಂಪಿನಲ್ಲಿ ನಾನು ಉಸಿರು ತಪ್ಪಿದ್ದರೂ ಅಷ್ಟು ವ್ಯತ್ಯಾಸವಾಗುತ್ತದೆ. 4.49ರವು ಹಿಂದೆ ಬಿದ್ದದ್ದನ್ನು ಮಾತ್ರ ನಂಬುತ್ತೇನೆ, ಏಕೆಂದರೆ ಒಂದೇ ಬದಿ ಗೀರು ಬಿದ್ದ ಆ ತಲೆಗಳನ್ನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಕ್ರಮ ತಿರುಗುಮುರುಗಾಗಿದೆ. ಈಗ ಎಲ್ಲ ಪೆಲೆಟ್‌ಗಳೂ ಮೊದಲು ಗಾಜಿನ ಮೇಲೆ ಉರುಳುತ್ತವೆ, ಕುಂಟಿದವು ಸೀಸ ಕರಗಿಸುವವರ ಡಬ್ಬಿಗೆ ಹೋಗುತ್ತವೆ, ಉಳಿದವು ಮಾತ್ರ ಹಿತ್ತಾಳೆಗೆ ಬರುತ್ತವೆ. ಅಲ್ಲಿಯೂ ಆರು ಅಳತೆ ಬೇಡ, 4.50ಕ್ಕಿಂತ ಕೆಳಗಿನವನ್ನೂ 4.52ಕ್ಕಿಂತ ಮೇಲಿನವನ್ನೂ ಬೇರೆ ಮಾಡಿದರೆ ನನ್ನ ನಳಿಗೆಗೆ ಸಾಕು.

ವಿಂಗಡಿಸಿದವನ್ನು ಇಡಲು ಮೊದಲು ಅಡಿಗೆಮನೆಯ ಹಳೆಯ ಒಗ್ಗರಣೆ ಡಬ್ಬಿಯ ಮೇಲೆ ಕಣ್ಣು ಹಾಕಿದ್ದೆ. ಸೀಸ ಇಟ್ಟ ಡಬ್ಬಿ ಮತ್ತೆಂದೂ ಒಲೆಯ ಹತ್ತಿರ ಬರುವಂತಿಲ್ಲವೆಂದು ಮನೆಯಲ್ಲಿ ತೀರ್ಪಾದ ಮೇಲೆ, ಔಷಧಿ ಅಂಗಡಿಯಲ್ಲಿ ಸಿಗುವ ವಾರದ ಮಾತ್ರೆಗಳ ಏಳು ಮನೆಯ ಪ್ಲಾಸ್ಟಿಕ್ ಡಬ್ಬಿ ತಂದೆ. ಸೋಮವಾರದಲ್ಲಿ 4.50, ಮಂಗಳವಾರದಲ್ಲಿ 4.51, ಬುಧವಾರದಲ್ಲಿ 4.52 ಇವೆ, ಮುಚ್ಚಳದ ಮೇಲೆ ಕೆಂಪು ಶಾಯಿಯಲ್ಲಿ ಸೀಸ ಎಂದು ಬರೆದು, ಕೋವಿಯ ಜೊತೆಗೇ ಬೀಗ ಹಾಕಿ ಇಡುತ್ತೇನೆ. ಗೇಜಿನ ಟೇಪರಿನಲ್ಲಿ ಇನ್ನೂರು ಮುನ್ನೂರು ಪೆಲೆಟ್ ಆದ ಮೇಲೆ ಸೀಸದ ತೆಳು ಪದರ ಹಿಡಿದು ಓದು ಅರ್ಧ ಗೆರೆ ಮೇಲೇರುತ್ತದೆ. ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒಮ್ಮೆ ಉಜ್ಜಿ, 4.50ರ ಪಿನ್ ಇಳಿಸಿ ಮತ್ತೆ 1.5 ಬಂತೆಂದು ನೋಡಿಕೊಂಡು ಮುಂದುವರಿಯುತ್ತೇನೆ. ಆ ಪಿನ್ನನ್ನು ಇನ್ನೂ ಪೀಣ್ಯಕ್ಕೆ ವಾಪಸ್ ಮುಟ್ಟಿಸಿಲ್ಲ.